ಸುಟ್ಟ ಗಾಯಕ್ಕೆ ಎಂತಹ ಹೊದಿಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬೇಸಗೆಯಲ್ಲಿಯೂ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದನ್ನು ನಾವೆಲ್ಲರೂ ಬಲ್ಲೆವು. ಗಡಿಗೆಯ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಉಷ್ಣವನ್ನು ಕೊಂಡೊಯ್ಯುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಭೌತಶಾಸ್ತ್ರದಲ್ಲಿ ಇದನ್ನು ಗುಪ್ತೋಷ್ಣವೆನ್ನುತ್ತೇವೆ. ಗಡಿಗೆಯಲ್ಲಿ ಹಿತವಾದ ಈ ಕ್ರಿಯೆಯೇ ಸುಟ್ಟ ಮೈಯಲ್ಲಿ ಅಪಾಯಕರವಾಗುತ್ತದೆ.

ಚರ್ಮವು ದೇಹದ ನೀರನ್ನು ಹಿಡಿದಿಡುವ, ರೋಗಾಣುಗಳನ್ನು ತಡೆಯುವ ಗೋಡೆ. ಒಲೆಯ ಉರಿಯೋ ಕುದಿಯುವ ಸಾರೋ ತಗುಲಿ ಅದು ನಾಶವಾದರೆ ಆ ಭಾಗವು ಜಿನುಗುವ ಗಡಿಗೆಯಂತಾಗಿ, ನೀರೂ ಉಷ್ಣವೂ ನಷ್ಟವಾಗುತ್ತವೆ, ರೋಗಾಣುಗಳು ಒಳಹೊಗುತ್ತವೆ. ಆದುದರಿಂದ ಗಾಯದ ಹೊದಿಕೆಯು ಕೆಲಕಾಲ ಚರ್ಮದ ಕೆಲಸವನ್ನೇ ಮಾಡಬೇಕು.

ಗಾಯವನ್ನು ಗಾಳಿಗೆ ಒಣಗಿಸಬೇಕೆಂಬ ನಂಬಿಕೆ ಬಹುಕಾಲದಿಂದ ಇತ್ತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿಯು ಹಂದಿಗಳ ಮೈಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಉಳಿದವನ್ನು ಒಣಗಲು ಬಿಟ್ಟು ನೋಡಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮವು ಸುಮಾರು ಇಮ್ಮಡಿ ವೇಗದಲ್ಲಿ ಹರಡಿತು. ಒಣಗಿದ ಗಾಯದಲ್ಲಿ ಜೀವಕೋಶಗಳು ಗಟ್ಟಿ ಹಕ್ಕಳೆಯ ಅಡಿಯಲ್ಲಿ ದಾರಿ ಮಾಡಿಕೊಳ್ಳಬೇಕು. ತೇವವಿದ್ದಲ್ಲಿ ಅವು ಸರಾಗವಾಗಿ ಸರಿಯುತ್ತವೆ.

ಆದರೆ ತೇವ ಮಿತಿಮೀರಿದರೆ ಸುತ್ತಲಿನ ಚರ್ಮವೂ ನೆನೆದು ಕೆಡುತ್ತದೆ. ಇಂದಿನ ಹೊದಿಕೆಗಳ ಗುಟ್ಟು ಈ ಸಮತೋಲದಲ್ಲಿದೆ. ಪಾಲಿಯುರಿಥೇನ್ ಪೊರೆಯು ಆವಿಯನ್ನು ಮೆಲ್ಲಗೆ ಹೊರಬಿಟ್ಟು, ನೀರನ್ನೂ ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ಹೈಡ್ರೊಜೆಲ್ ಒಣ ಗಾಯಕ್ಕೆ ತೇವವನ್ನೀಯುತ್ತದೆ. ಸ್ಪಂಜಿನಂತಹ ಫೋಮ್ ಹೆಚ್ಚಾದ ರಸಿಕೆಯನ್ನು ಹೀರುತ್ತದೆ. ಬೆಳ್ಳಿಯುಳ್ಳ ಹೊದಿಕೆಯಿಂದ ಹೊರಡುವ ಅಯಾನುಗಳು ರೋಗಾಣುಗಳನ್ನು ಕೊಲ್ಲುತ್ತವೆ.

ಬೇಗ ಮಾಯ್ದ ಗಾಯದ ಕಲೆ ಸಣ್ಣದು. ಮೂರು ವಾರ ಕಳೆದರೂ ಮಾಯದಿದ್ದರೆ ಉಬ್ಬುಗಲೆ ಉಳಿಯುವ ಸಂಭವ ಹೆಚ್ಚು. ಕೀಲಿನ ಮೇಲಾದರೆ ಅದು ಬಿಗಿದು, ಕೈಕಾಲು ಆಡದಂತೆ ಮಾಡಬಹುದು. ಮಾಯ್ದ ಬಳಿಕ ಹಚ್ಚುವ ಸಿಲಿಕೋನ್ ಹಾಳೆಯು ಉಬ್ಬನ್ನು ತಗ್ಗಿಸಲು ನೆರವಾಗುತ್ತದೆ. ಆಳವಾದ ಗಾಯಕ್ಕೆ ಮಾತ್ರ ರೋಗಿಯದೇ ಚರ್ಮದ ಕಸಿ ಬೇಕು. ಅಲ್ಲಿಯವರೆಗೆ ದಾನಿಗಳ ಚರ್ಮವೇ ಉತ್ತಮ ಹೊದಿಕೆ. ಅದನ್ನು ಕಾದಿಡುವ ಭಂಡಾರವು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಆರಂಭವಾಯಿತು.

ನಮ್ಮ ತಾಲ್ಲೂಕುಗಳಿಂದ ಬಳ್ಳಾರಿ, ದಾವಣಗೆರೆಗಳ ದೊಡ್ಡ ಆಸ್ಪತ್ರೆಗಳು ಹತ್ತಿರವಲ್ಲ. ಆದುದರಿಂದ ಮೊದಲ ಉಪಚಾರ ಮನೆಯವರ ಕೈಯಲ್ಲಿದೆ. ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಬಳೆ, ಉಂಗುರಗಳನ್ನು ತೆಗೆಯಬೇಕು. ಮಂಜುಗಡ್ಡೆ, ಅರಿಸಿನ, ಶಾಯಿ, ಟೂತ್‌ಪೇಸ್ಟ್ ಕೂಡದು, ಗುಳ್ಳೆಗಳನ್ನು ಒಡೆಯಬಾರದು. ಬಳಿಕ ಗಾಯಕ್ಕೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಉಳಿದ ಮೈಯನ್ನು ಬೆಚ್ಚಗಿರಿಸಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.