ತೆರಿಗೆಯ ಲೆಕ್ಕದಲ್ಲಿ ಮಕ್ಕಳು ಯಾರು?

ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿ ಒಂದು ಸಂಸಾರವಿದೆಯೆಂದು ಭಾವಿಸೋಣ. ಯಜಮಾನನಿಗೆ ಕಾರ್ಖಾನೆಯಲ್ಲಿ ಸಂಬಳದ ಕೆಲಸ. ಮನೆಯಲ್ಲಿ ಮಕ್ಕಳು ಮೂವರು: ಹೈಸ್ಕೂಲು ಓದುವ ಮಗಳು, ಹೆಂಡತಿಗೆ ಮೊದಲ ಮದುವೆಯಲ್ಲಿ ಹುಟ್ಟಿದ ಹುಡುಗ, ತೀರಿಕೊಂಡ ಅಣ್ಣನ ಮಗ. ಈ ಕೊನೆಯವನಿಗೆ ವಯಸ್ಸು ಇಪ್ಪತ್ತು ದಾಟಿದೆ. ಬುದ್ಧಿ ಮಾತ್ರ ವಯಸ್ಸಿನೊಡನೆ ಬೆಳೆಯಲಿಲ್ಲ. ಇಂದಿಗೂ ಚಿಕ್ಕಮ್ಮನೇ ತುತ್ತಿಡಬೇಕು. ಊಟಕ್ಕೆ ಮೂವರೂ ಒಂದೇ ಸಾಲು. ತೆರಿಗೆಯ ಕಾಗದದಲ್ಲಿ ಹಾಗಲ್ಲ.

ವರಮಾನ ತೆರಿಗೆಯ 1961ರ ಕಾಯಿದೆ ‘ಮಗು’ ಎಂಬ ಮಾತಿನಲ್ಲಿ ಮಲಮಕ್ಕಳನ್ನೂ ದತ್ತುಮಕ್ಕಳನ್ನೂ ಸೇರಿಸಿತು. ಹೆಂಡತಿಯ ಮಗನಿಗೆ ತೊಡಕಿಲ್ಲ. ಅಣ್ಣನ ಮಗನ ಹೆಸರೇ ಅಲ್ಲಿಲ್ಲ.

ಅಂಗವೈಕಲ್ಯವುಳ್ಳ ಅವಲಂಬಿತರನ್ನು ಸಾಕುವವರಿಗೆ ವರಮಾನದಲ್ಲಿ 75,000 ರೂಪಾಯಿಗಳ ಕಡಿತವುಂಟು. ವೈಕಲ್ಯ ನೂರಕ್ಕೆ 40ರಷ್ಟಾದರೂ ಇರಬೇಕು. 80 ಮುಟ್ಟಿದರೆ ಕಡಿತ 1,25,000. ಮಾಡಿದ ವೆಚ್ಚ ಕಡಿಮೆಯಾದರೂ ಪೂರ್ಣ ಮೊತ್ತ ದೊರೆಯುತ್ತದೆ. ವಯಸ್ಸಿನ ಮಿತಿಯೂ ಇಲ್ಲ. ಆದರೆ ಅವಲಂಬಿತರೆಂದರೆ ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಇಷ್ಟೇ. ಅತ್ಯಂತ ಹೆಚ್ಚು ಆರೈಕೆ ಬೇಕಾದವನೇ ಪಟ್ಟಿಯ ಹೊರಗುಳಿದ! ದತ್ತು ಪಡೆಯೋಣವೆಂದರೆ, 1956ರ ಹಿಂದೂ ದತ್ತಕ ಕಾಯಿದೆಯ ಪ್ರಕಾರ, ಬೇರೆ ರೂಢಿಯಿಲ್ಲದ ಕಡೆ, ಹದಿನೈದು ತುಂಬುವ ಮೊದಲೇ ಆಗಬೇಕಿತ್ತು.

ಒಂದು ದಾರಿಯುಂಟು. ಹಿರಿಯರ ಅಂಗಡಿಯ ಬಾಡಿಗೆ ಹಿಂದೂ ಅವಿಭಕ್ತ ಕುಟುಂಬದ ವರಮಾನವಾಗಿ ಬೇರೆಯೇ ತೆರಿಗೆಗೆ ಒಳಪಡುತ್ತಿದ್ದರೆ, ಆ ಲೆಕ್ಕದಲ್ಲಿ ಕುಟುಂಬದ ‘ಸದಸ್ಯ’ನಾಗಿದ್ದರೆ ಸಾಕು. ಅಣ್ಣನ ಮಗ ಸದಸ್ಯನೇ. ಅವನ ಆರೈಕೆಯ ವೆಚ್ಚ ಕುಟುಂಬದ ಹಣದಿಂದಲೇ ಆಗಬೇಕು. ಯಜಮಾನನ ಸಂಬಳದ ಲೆಕ್ಕಕ್ಕೆ ಇದು ಸೇರದು.

ಹಿಂದೆ ಲೆಕ್ಕ ಇನ್ನೂ ಸರಳವಿತ್ತು. 1958ರಲ್ಲಿ ವಿವಾಹಿತನಿಗೆ 3,000 ರೂಪಾಯಿಯವರೆಗೆ ತೆರಿಗೆಯಿಲ್ಲ. ಒಂದು ಮಗುವಿದ್ದರೆ 3,300, ಎರಡಿದ್ದರೆ 3,600. ಮೂರನೆಯದಕ್ಕೆ ಬಿಡಿಗಾಸೂ ಇಲ್ಲ. ಆ ‘ಎರಡು’ ಶಾಲಾಶುಲ್ಕದ ಕಡಿತದಲ್ಲಿ ಇನ್ನೂ ಉಳಿದಿದೆ: ಇಬ್ಬರು ಮಕ್ಕಳಿಗೆ ಮಾತ್ರ, ಅದೂ ಬೋಧನಾ ಶುಲ್ಕಕ್ಕೆ, ವಂತಿಗೆಗಲ್ಲ. ಆರೋಗ್ಯ ವಿಮೆಯ ಕಂತಿಗೆ ಎಣಿಕೆಯ ಕಟ್ಟಿಲ್ಲ, ಆದರೆ ದುಡಿದು ತನ್ನ ಕಾಲಮೇಲೆ ನಿಂತ ಮಗ ಅವಲಂಬಿತನಲ್ಲ.

ಇವೆಲ್ಲವೂ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ, ಬೇಡವೆನ್ನದಿದ್ದರೆ, ಹೊಸ ಪದ್ಧತಿಯೇ ಅನ್ವಯಿಸುತ್ತದೆ. ಅಲ್ಲಿ ಈ ಕಡಿತಗಳಿಲ್ಲ. ಎರಡೂ ಬಗೆಯಲ್ಲಿ ಕೂಡಿ ಕಳೆದು ನೋಡಿಯೇ ಆರಿಸಬೇಕು. ವೈಕಲ್ಯದ ಪ್ರಮಾಣಪತ್ರಕ್ಕೆ ಅವಧಿಯಿದ್ದರೆ ಅದು ತೀರಿದೊಡನೆ ಹುಡುಗನನ್ನು ಮತ್ತೆ ವೈದ್ಯರ ಮುಂದೆ ಕರೆದೊಯ್ದು ಹೊಸ ಪತ್ರ ಪಡೆಯಬೇಕು.