ಶಾಲೆಯವರು ‘ಆಗಲ್ಲ’ ಅಂದರೆ ಬರೆದುಕೊಡಲು ಹೇಳಿ

“ಸ್ಪೆಷಲ್ ಸ್ಕೂಲಿಗೆ ಹಾಕಿದ್ರೆ ಮಗುವಿಗೇ ಒಳ್ಳೇದಲ್ವಾ ಮೇಡಂ?” ಆಟಿಸಂ ಇರುವ ಮಕ್ಕಳನ್ನು ಶಾಲೆಗಳು ವಾಪಸ್ ಕಳಿಸುವುದು ಹೆಚ್ಚಾಗಿ ಹೀಗೆ, ನಯವಾಗಿ, ಬಾಯಿಮಾತಿನಲ್ಲೇ. ನಾಳೆ ಕೇಳಿದರೆ “ನಾವು ಬೇಡ ಅಂದೇ ಇಲ್ಲ” ಎನ್ನಬಹುದು. ಹಾಗಾಗಿ ಅಡ್ಮಿಶನ್ ಅರ್ಜಿಯನ್ನು ಬರೆದೇ ಕೊಡಿ, ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಕಾಯಿದೆ ನಿಮ್ಮ ಕಡೆಗಿದೆ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿದ್ದುದು 7 ಬಗೆಯ ವೈಕಲ್ಯ. ಆಟಿಸಂ ಅದರಲ್ಲಿ ಇರಲೇ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂ ಅನ್ನೂ ಸೇರಿಸಿತು. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಮಾನ್ಯತೆ ಪಡೆದದ್ದು ಎಂದಮೇಲೆ ಖಾಸಗಿ ಶಾಲೆಯೂ ಬಂತು.

ಇಲ್ಲೊಂದು ಗೊಂದಲ ಬಹಳ ಕಡೆ ಇದೆ. “ವೈಕಲ್ಯ ಶೇ. 40 ಇಲ್ಲದಿದ್ದರೆ ಏನೂ ಸಿಗಲ್ಲ” ಎನ್ನುತ್ತಾರೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡುವ 31ನೇ ಸೆಕ್ಷನ್‌ಗೆ ಆ ಮಿತಿ ಇದೆ, ನಿಜ. ಅದಕ್ಕೆ ವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಬೇಕು. ಶೇಕಡಾವಾರು ನಿರ್ಧರಿಸುವುದು ‘ಇಸಾ’ ಎಂಬ ಭಾರತೀಯ ಮಾಪನದಿಂದ. ಆದರೆ 16ನೇ ಸೆಕ್ಷನ್‌ಗೆ ಶೇಕಡಾ ಲೆಕ್ಕವಿಲ್ಲ. 31ನೇ ಸೆಕ್ಷನ್ ಕೂಡ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ಮಗುವಿಗೆ ಬಿಟ್ಟಿದೆ, ಹೆಡ್‌ಮಾಸ್ಟರಿಗಲ್ಲ.

ಸೀಟು ಸಿಕ್ಕಿದ ಮೇಲೆ ಇನ್ನೊಂದು ಪತ್ರ ಬೇಕು. “ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ” ಎಂದು ಬರೆದರೆ ಟೀಚರಿಗೂ ಏನು ಮಾಡಬೇಕೆಂದು ತಿಳಿಯದು. ಹೀಗೆ ಬರೆಯಿರಿ: ‘ಬೆಲ್ ಹೊಡೆಯುವ ಮೊದಲೇ ಅವನಿಗೆ ತಿಳಿಸಬೇಕು. ಗಲಾಟೆ ಜಾಸ್ತಿಯಾದಾಗ ಹೆಡ್‌ಫೋನ್ ಹಾಕಿಕೊಳ್ಳಲು ಬಿಡಬೇಕು. ದಿನದ ಪೀರಿಯಡ್‌ಗಳನ್ನು ಚಿತ್ರದಲ್ಲಿ ಬರೆದು ಡೆಸ್ಕಿಗೆ ಅಂಟಿಸಬೇಕು. ಉತ್ತರ ಬಾಯಲ್ಲಿ ಬಾರದಿದ್ದರೆ ತೋರಿಸಿದರೂ ಒಪ್ಪಬೇಕು.’ ಇದರಲ್ಲಿ ದುಡ್ಡು ಖರ್ಚಾಗುವಂಥದ್ದು ಏನಿದೆ ಹೇಳಿ! ಮಗುವಿಗೆ ತಕ್ಕ ಇಂಥ ಹೊಂದಾಣಿಕೆ ಮಾಡಿಕೊಡುವುದು ಶಾಲೆಯ ಹೊಣೆ ಎಂದು ಅದೇ 16ನೇ ಸೆಕ್ಷನ್ ಹೇಳುತ್ತದೆ. “ಮಗುವಿನ ಪಕ್ಕದಲ್ಲೇ ಇರಲು ಶ್ಯಾಡೋ ಟೀಚರ್ ಇಟ್ಟುಕೊಳ್ಳಿ, ಸಂಬಳ ನೀವೇ ಕೊಡಿ, ಆಮೇಲೆ ಸೀಟು” ಎಂಬ ಷರತ್ತು ನನ್ನ ಪ್ರಕಾರ ನಿರಾಕರಣೆಯ ಇನ್ನೊಂದು ರೂಪ ಅಷ್ಟೇ.

ಇಷ್ಟಾದರೂ ಶಾಲೆ ಬಗ್ಗದಿದ್ದರೆ ಬಿಇಒ ಕಚೇರಿಗೆ ದೂರು ಕೊಡಿ. ಅಲ್ಲಿಂದಲೂ ಉತ್ತರ ಬಾರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿದ್ದಾರೆ. ವಿಚಾರಣೆಗೆ ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಸಂಬಂಧಪಟ್ಟ ಪ್ರಾಧಿಕಾರ 3 ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ಸೀಲು ಹಾಕಿಸಿಟ್ಟ ನಕಲುಗಳು ಕೆಲಸಕ್ಕೆ ಬರುವುದು ಇಲ್ಲೇ.

ಒಂದು ಮಗುವಿನ ಸೀಟು ಸಿಕ್ಕಿತೆಂದು ತಾಲ್ಲೂಕಿನ ಸಮಸ್ಯೆ ತೀರುವುದಿಲ್ಲ, ಕಲಿಸುವವರು ಬೇಕಲ್ಲ. 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ನಿಮ್ಮ ತಾಲ್ಲೂಕಿನಲ್ಲಿ ಅಂಥ ಮಕ್ಕಳೆಷ್ಟು, ಶಿಕ್ಷಕರೆಷ್ಟು? ನಾಲ್ಕೈದು ಮನೆಯವರು ಸೇರಿ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ವಿಷಯವೂ ಒಂದೇ ಇರಬೇಕು, ಆದ್ದರಿಂದ ಸಂಕಟವನ್ನೆಲ್ಲ ತೋಡಿಕೊಳ್ಳಲು ಹೋಗಬೇಡಿ. ‘ಹುದ್ದೆ ಖಾಲಿ ಇದೆ’ ಎಂಬ ಉತ್ತರ ಬಂದರೆ ಅದನ್ನೇ ಆಯುಕ್ತರಿಗೆ ಕೊಡುವ ಮುಂದಿನ ಅರ್ಜಿಗೆ ಲಗತ್ತಿಸಿ.