ಹುಡುಕಿ ಕೊಡುವವರು

2001ರ ಜೂನ್. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಆಸ್ತಮಾ ಪ್ರಯೋಗವೊಂದಕ್ಕೆ ತಾನಾಗಿ ಹೆಸರು ಕೊಟ್ಟಿದ್ದ 24 ವರ್ಷದ ಆರೋಗ್ಯವಂತ ಯುವತಿ ತೀರಿಕೊಂಡಳು. ಪ್ರಯೋಗಕ್ಕಾಗಿ ಅವಳು ಉಸಿರಿನಲ್ಲಿ ಎಳೆದುಕೊಂಡಿದ್ದು ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕ. ಅದರಿಂದ ಶ್ವಾಸಕೋಶಕ್ಕೆ ಕೇಡಾಗಬಹುದು ಎಂಬುದು 1950ರ ದಶಕದ ವೈದ್ಯಕೀಯ ಪತ್ರಿಕೆಗಳಲ್ಲೇ ಅಚ್ಚಾಗಿತ್ತು. ಸಂಶೋಧಕರು ಹುಡುಕದೆ ಇರಲಿಲ್ಲ. ವೈದ್ಯಕೀಯ ಬರಹಗಳ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಪಬ್‌ಮೆಡ್ ಆಗ ತೋರಿಸುತ್ತಿದ್ದುದು 1966ರಿಂದ ಈಚಿನ ಬರಹಗಳನ್ನು ಮಾತ್ರ. ಅದಕ್ಕೂ ಹಿಂದಿನದು ಬೇಕಿದ್ದರೆ ಗ್ರಂಥಾಲಯಕ್ಕೆ ಹೋಗಿ ಹಳೆಯ ಸೂಚಿ ಸಂಪುಟಗಳನ್ನು ತೆಗೆಯಬೇಕಿತ್ತು. ಆ ಸಂಪುಟಗಳಿವೆ, ಅವುಗಳಲ್ಲಿ ಹೀಗೆ ಹುಡುಕಬೇಕು ಎಂದು ಬಲ್ಲವರು ಮೆಡಿಕಲ್ ಲೈಬ್ರೇರಿಯನ್‌ಗಳು.

ವೈದ್ಯಕೀಯ ಗ್ರಂಥಾಲಯವೆಂದರೆ ಪರೀಕ್ಷೆಗೆ ಮುಂಚೆ ಎಂಬಿಬಿಎಸ್ ವಿದ್ಯಾರ್ಥಿಗಳು ಕೂತು ಓದುವ ತಂಪಾದ ಜಾಗ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದರ ನಿಜವಾದ ಕೆಲಸ ಬೇರೆ. ಯಾವುದೋ ಊರಿನಲ್ಲಿ, ಯಾವುದೋ ವರ್ಷ, ಯಾರೋ ಕಂಡುಕೊಂಡ ಸಂಗತಿಯನ್ನು ಇವತ್ತು ರೋಗಿಯ ಮುಂದೆ ನಿಂತಿರುವ ವೈದ್ಯರ ಕೈಗೆ ತಲುಪಿಸುವುದು ಆ ಕೆಲಸ.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡವನು ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೇನಾ ವೈದ್ಯ. 1865ರಲ್ಲಿ ಅವನ ಸುಪರ್ದಿಗೆ ಬಂದಾಗ ಅಮೆರಿಕದ ಸೇನಾ ಸರ್ಜನ್ ಜನರಲ್ ಕಚೇರಿಯ ಗ್ರಂಥಾಲಯದಲ್ಲಿ ಇದ್ದದ್ದು ಎರಡು ಸಾವಿರ ಚಿಲ್ಲರೆ ಪುಸ್ತಕಗಳು. ಕೆಲಕಾಲ ಆ ಗ್ರಂಥಾಲಯ ನಡೆದದ್ದು ಲಿಂಕನ್‌ ಗುಂಡೇಟು ತಿಂದ ಫೋರ್ಡ್ಸ್ ಥಿಯೇಟರ್ ಕಟ್ಟಡದಲ್ಲಿ. ಬಿಲ್ಲಿಂಗ್ಸ್ ಮೂವತ್ತು ವರ್ಷ ಅಲ್ಲಿ ದುಡಿದು, 1895ರಲ್ಲಿ ಬಿಡುವಾಗ ಸಂಗ್ರಹ ಲಕ್ಷ ಮೀರಿತ್ತು. ಸಂಗ್ರಹಕ್ಕಿಂತ ದೊಡ್ಡದು ಅವನು ಮಾಡಿಸಿದ ಸೂಚಿ. 1879ರಲ್ಲಿ ಆರಂಭವಾದ ‘ಇಂಡೆಕ್ಸ್ ಮೆಡಿಕಸ್’ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಹೊಸ ಬರಹಗಳನ್ನು ವಿಷಯವಾರು ಪಟ್ಟಿ ಮಾಡಿ ಹೇಳುತ್ತಿತ್ತು. ಪುಸ್ತಕ ಕೂಡಿಡುವವರು ಅವನಿಗಿಂತ ಮುಂಚೆಯೂ ಬಹಳ ಜನ ಇದ್ದರು. ಕೂಡಿಟ್ಟದ್ದು ಇನ್ನೊಬ್ಬರಿಗೆ ಸಿಗುವಂತೆ ಮಾಡುವುದೇ ವೈದ್ಯಸೇವೆ ಎಂದು ತಿಳಿದು ಆಯುಷ್ಯ ಸವೆಸಿದ ಕಾರಣಕ್ಕೆ ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ.

ಅದೇ ಗ್ರಂಥಾಲಯ 1956ರಲ್ಲಿ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಆಯಿತು. ಈಗ ಇರುವುದು ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ. ಸೂಚಿಯನ್ನು 1964ರಲ್ಲಿ ಕಂಪ್ಯೂಟರಿಗೆ ಏರಿಸಿದರು. 1971ರಲ್ಲಿ ಮೆಡ್‌ಲೈನ್ ಬಂತು. ದೂರದ ಗ್ರಂಥಾಲಯದಲ್ಲಿ ತರಬೇತಾದ ಲೈಬ್ರೇರಿಯನ್ ಟೆಲಿಫೋನ್ ತಂತಿಯ ಮೂಲಕ ಹುಡುಕಿ ವೈದ್ಯರಿಗೆ ಪಟ್ಟಿ ಕೊಡುತ್ತಿದ್ದರು. 1997ರಲ್ಲಿ ಪಬ್‌ಮೆಡ್ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಈಗ ಅದರಲ್ಲಿ 3.5 ಕೋಟಿಗೂ ಹೆಚ್ಚು ಬರಹಗಳ ವಿವರ ಇದೆ. ಹುಕ್ಕೇರಿಯಲ್ಲೋ ಹೊಸದುರ್ಗದಲ್ಲೋ ಕೂತವರು ಮೊಬೈಲಿನಲ್ಲೇ ನೋಡಬಹುದು.

ಇಷ್ಟಾದ ಮೇಲೆ ಲೈಬ್ರೇರಿಯನ್ ಯಾಕೆ ಎನ್ನುವ ಮಾತು ಆಡಳಿತ ಮಂಡಳಿಗಳ ಸಭೆಯಲ್ಲಿ ಸಲೀಸಾಗಿ ಬರುತ್ತದೆ. ಆ ಮಾತು ಅಪಾಯದ್ದು. ಅಂತರ್ಜಾಲದಲ್ಲಿ ಏನೋ ಒಂದು ಸಿಕ್ಕಿಯೇ ಸಿಗುತ್ತದೆ. ಸಿಗಬೇಕಾದ್ದು ಸಿಗದೆ ಹೋದದ್ದು ಮಾತ್ರ ಹುಡುಕಿದವರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕಾಯಿಲೆಗೆ ಹತ್ತು ಹೆಸರು. ಔಷಧಿಗೆ ಕಂಪನಿಯಿಟ್ಟದ್ದು ಒಂದು, ರಸಾಯನಶಾಸ್ತ್ರ ಇಟ್ಟದ್ದು ಇನ್ನೊಂದು. ಈ ಗೊಂದಲ ತಪ್ಪಿಸಲೆಂದೇ 1960ರಿಂದ ‘ಮೆಶ್’ ಎಂಬ ವಿಷಯಪದಗಳ ಕೋಶ ಇದೆ. ಯಾರು ಯಾವ ಹೆಸರಲ್ಲಿ ಬರೆದಿದ್ದರೂ ಒಂದೇ ಶೀರ್ಷಿಕೆಯ ಅಡಿ ಸಿಗುವಂತೆ ಅದು ಜೋಡಿಸುತ್ತದೆ. ಅದನ್ನು ಬಳಸಿ, ಬೇಡದ್ದನ್ನು ಸೋಸಿ, ಬೇಕಾದದ್ದು ತಪ್ಪಿಹೋಗದಂತೆ ಹುಡುಕುವುದನ್ನು ಕೂತು ಕಲಿಯಬೇಕು. ಪಿಜಿ ವಿದ್ಯಾರ್ಥಿ ಸಿನಾಪ್ಸಿಸ್ ಬರೆಯುವಾಗ ಲೈಬ್ರೇರಿಯನ್ ಪಕ್ಕದಲ್ಲಿ ಅರ್ಧ ದಿನ ಕಳೆದರೆ ಅದರ ಫಲ ವೃತ್ತಿ ಮುಗಿಯುವವರೆಗೂ ಇರುತ್ತದೆ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಸುತ್ತಮುತ್ತಲ ಆಸ್ಪತ್ರೆಗಳಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ತಮ್ಮ ರೋಗಿಗೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಆಸ್ಪತ್ರೆಯ ಗ್ರಂಥಾಲಯಕ್ಕೆ ಕೇಳಿ, ಬಂದ ಉತ್ತರದಿಂದ ಏನಾಯಿತು ಹೇಳಿ ಎಂದು ವೈದ್ಯರನ್ನು ಕೋರಲಾಗಿತ್ತು. ಉತ್ತರಿಸಿದ 208 ವೈದ್ಯರಲ್ಲಿ ಶೇ 80ರಷ್ಟು ಮಂದಿ, ಆ ಮಾಹಿತಿಯಿಂದಾಗಿ ಚಿಕಿತ್ಸೆಯ ಯಾವುದಾದರೊಂದು ಅಂಶ ಬದಲಾಯಿತು ಎಂದರು. ಶೇ 19 ಮಂದಿ, ರೋಗಿಯ ಸಾವು ತಪ್ಪಿಸಲು ಅದು ನೆರವಾಯಿತು ಎಂದರು. ವೈದ್ಯರೇ ಒಪ್ಪಿ ಹೇಳಿದ ಮಾತಿದು.

ಹುಡುಕಿ ಕಂಡುಕೊಂಡ ಮೇಲೂ ಇನ್ನೊಂದು ಬಾಗಿಲಿದೆ, ಬೆಲೆಯದು. 2014ರಲ್ಲಿ ಲೈಬೀರಿಯಾವನ್ನು ಹೊಕ್ಕ ಎಬೋಲಾ ಅಲ್ಲಿ 4,800ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ದೇಶದಲ್ಲಿ ಎಬೋಲಾ ಇರಲಾರದು ಎಂದೇ ಎಲ್ಲರ ನಂಬಿಕೆಯಾಗಿತ್ತು. ಆದರೆ ಲೈಬೀರಿಯಾದ ಜನರ ರಕ್ತದಲ್ಲಿ ಎಬೋಲಾದ ಪ್ರತಿಕಾಯಗಳು ಕಂಡಿವೆ, ಆ ದೇಶವನ್ನೂ ಅಪಾಯದ ವಲಯಕ್ಕೆ ಸೇರಿಸಬೇಕು ಎಂದು ಜರ್ಮನ್ ಸಂಶೋಧಕರು 1982ರಲ್ಲೇ ಯುರೋಪಿನ ಜರ್ನಲ್ ಒಂದರಲ್ಲಿ ಬರೆದಿದ್ದರು. ಇದನ್ನು 2015ರಲ್ಲಿ ನೋವಿನಿಂದ ಬರೆದು ತಿಳಿಸಿದವರಲ್ಲಿ ಲೈಬೀರಿಯಾದ ಆರೋಗ್ಯ ಇಲಾಖೆಯ ಹಿರಿಯ ವೈದ್ಯೆ ಬರ್ನಿಸ್ ಡಾನ್ ಒಬ್ಬರು. ಆ ಒಂದು ಲೇಖನ ಇಳಿಸಿಕೊಳ್ಳಲು ಆಗ 45 ಡಾಲರ್. ಅಲ್ಲಿಯ ವೈದ್ಯರ ಅರ್ಧ ವಾರದ ಸಂಬಳ. ಯಾರ ರಕ್ತ ಪರೀಕ್ಷಿಸಿ ಬರೆದದ್ದೋ ಅವರಿಗೇ ಆ ಮಾತು ಮೂವತ್ತು ವರ್ಷ ಮುಟ್ಟಲಿಲ್ಲ.

ಬೆಲೆಯ ಈ ಗೋಡೆಯನ್ನು ಒಬ್ಬೊಬ್ಬರೇ ದಾಟಲಾಗದು ಎಂದು ಕರ್ನಾಟಕ ಬೇಗ ಅರಿತುಕೊಂಡಿತು. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ‘ಹೆಲಿನೆಟ್’ ಆರಂಭಿಸಿತು. ಸಂಯೋಜಿತ ಕಾಲೇಜುಗಳು ಪಾಲು ಹಾಕುತ್ತವೆ, ವಿಶ್ವವಿದ್ಯಾಲಯ ಎಲ್ಲರ ಪರವಾಗಿ ಪ್ರಕಾಶಕರೊಂದಿಗೆ ದರ ಮಾತಾಡುತ್ತದೆ. ಒಂದು ಕಾಲೇಜು ತಾನೇ ಕೊಳ್ಳಲಾಗದಷ್ಟು ಜರ್ನಲ್‌ಗಳು ಎಲ್ಲರ ಕಂಪ್ಯೂಟರಿಗೂ ಬರುತ್ತವೆ. 2008ರಲ್ಲಿ ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ‘ಎರ್ಮೆಡ್’ ಹೆಸರಿನಲ್ಲಿ ಇಂಥದೇ ಕೂಟ ಕಟ್ಟಿತು. 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಒಳ್ಳೆಯ ಹೆಜ್ಜೆ. ಆದರೆ ಸದ್ಯಕ್ಕೆ ಇದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಖಾಸಗಿ ವೈದ್ಯಕೀಯ ಕಾಲೇಜುಗಳು ತುಂಬಿರುವ ನಮ್ಮ ರಾಜ್ಯದಲ್ಲಿ ಹೆಲಿನೆಟ್‌ನ ಅಗತ್ಯ ಒಂದಿಷ್ಟೂ ತಗ್ಗಿಲ್ಲ.

ಕಾಲೇಜಿನ ಗೇಟಿನ ಹೊರಗಿರುವವರ ಗತಿಯೇನು? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಇವತ್ತು ಒಂದು ಅಪರೂಪದ ಹಾವುಕಡಿತವನ್ನೋ, ಬಾಣಂತಿಗೆ ಕೊಡಬಹುದೋ ಬೇಡವೋ ಎಂಬ ಔಷಧಿಯನ್ನೋ ಕುರಿತು ಹುಡುಕಿದರೆ ಸಾರಾಂಶ ಸಿಗುತ್ತದೆ, ಪೂರ್ಣ ಲೇಖನಕ್ಕೆ ಹಣ ಕೇಳುತ್ತದೆ. ಅಮೆರಿಕ 1965ರಲ್ಲೇ ಕಾನೂನು ಮಾಡಿ ಪ್ರಾದೇಶಿಕ ವೈದ್ಯಕೀಯ ಗ್ರಂಥಾಲಯಗಳ ಜಾಲ ಹೆಣೆಯಿತು. ಸಣ್ಣ ಊರಿನ ಆಸ್ಪತ್ರೆಗೂ ದೊಡ್ಡ ಗ್ರಂಥಾಲಯದ ಸೇವೆ ಮುಟ್ಟಬೇಕೆಂಬುದೇ ಅದರ ಉದ್ದೇಶ.

ನಮ್ಮಲ್ಲಿ ಮಂಡ್ಯ, ಹಾಸನ, ಶಿವಮೊಗ್ಗ, ಬೆಳಗಾವಿ, ರಾಯಚೂರು, ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಪ್ರತಿಯೊಂದಕ್ಕೂ ಗ್ರಂಥಾಲಯವಿದೆ. ಆಯಾ ಜಿಲ್ಲೆಯ ವೈದ್ಯಾಧಿಕಾರಿಗಳು, ಸ್ಟಾಫ್ ನರ್ಸ್‌ಗಳು ಪ್ರಶ್ನೆ ಕೇಳಲು ಅಲ್ಲೊಂದು ಫೋನ್ ನಂಬರ್ ಇಡಬಹುದು, ಹುಡುಕಿ ಉತ್ತರಿಸಲು ತರಬೇತಾದ ಒಬ್ಬರನ್ನು ನೇಮಿಸಬಹುದು, ಹೊರಗಿನಿಂದ ಬಂದು ಕೂತು ಓದುವ ವೈದ್ಯರಿಗೆ ಬಾಗಿಲು ತೆರೆಯಬಹುದು. ಮುಂದಿನ ಬಾರಿ ಪ್ರಕಾಶಕರೊಂದಿಗೆ ಒಪ್ಪಂದಕ್ಕೆ ಕೂರುವಾಗ ಈ ವೈದ್ಯರ, ನರ್ಸ್‌ಗಳ ಹೆಸರನ್ನೂ ಅದರಲ್ಲಿ ಬರೆಸಬೇಕು.